ನಕ್ಷತ್ರ ಚಿಹ್ನೆಯ ಎರಡು ಅರ್ಥಗಳು: ಶಿಷ್ಟ ಇಂಗ್ಲಿಷ್ ಪರೀಕ್ಷೆಯ ಅಭ್ಯಾಸಕ್ರಮವನ್ನು ಕುರಿತು

ವಾಕ್ಯರಚನೆಯ ಪ್ರಾರಂಭಿಕ ಪಾಠಗಳಲ್ಲಿ ನಾವು ವಿದ್ಯಾರ್ಥಿಗಳ ಕೈಗೆ ಕೊಡುವ ಮೊದಲ ಸಾಧನ ನಕ್ಷತ್ರ ಚಿಹ್ನೆ. ಒಂದು ಭಾಷೆಯನ್ನು ಆಡುವವರ ಅರಿವಿಗೆ ಒಗ್ಗದ ರಚನೆಯ ಮುಂದೆ ಮಾತ್ರ ಅದನ್ನು ಹಾಕಬೇಕು, ಇಷ್ಟವಾಗದ ರಚನೆಯ ಮುಂದೆ ಅಲ್ಲ ಎಂದು ಮೊದಲ ದಿನವೇ ಹೇಳುತ್ತೇವೆ. ಹೀಗಿದ್ದೂ ಇತ್ತೀಚಿನ ತರಗತಿಗಳಲ್ಲಿ ಒಂದು ವಿಚಿತ್ರವನ್ನು ಮತ್ತೆ ಮತ್ತೆ ಕಾಣುತ್ತಿದ್ದೇವೆ. ಅಮೆರಿಕದ ಪದವಿ ಪ್ರವೇಶಕ್ಕೆಂದು ಸ್ಯಾಟ್ ಅಥವಾ ಎಸಿಟಿ ಪರೀಕ್ಷೆಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಕಾರಣಾಂತರದಿಂದ ಇಲ್ಲಿಯೇ ಓದಲು ನಿಂತ ಕೆಲವರು ನಮ್ಮ ತರಗತಿಗೆ ಬರುತ್ತಾರೆ. ಜಾಣರು, ಓದಿಕೊಂಡವರು. ಆದರೆ ಅವರ ಹಾಳೆಯಲ್ಲಿ ‘ದ ಚೈಲ್ಡ್ ಸ್ಲೆಪ್ಟ್ ದ ಬೆಡ್’ ಎಂಬುದಕ್ಕೂ ನಕ್ಷತ್ರ, ಅಲ್ಪವಿರಾಮ ತಪ್ಪಿದ ವಾಕ್ಯಕ್ಕೂ ನಕ್ಷತ್ರ, ‘ಬೀಯಿಂಗ್’ ಎಂಬ ರೂಪ ಎಲ್ಲಿ ಬಂದರೂ ನಕ್ಷತ್ರ. ಕಾರಣ ಕೇಳಿದರೆ ಮೂರಕ್ಕೂ ಒಂದೇ ಉತ್ತರ: ‘ತಪ್ಪು’. ಈ ಒಂದು ಪದ ಎಲ್ಲಿಂದ ಬಂತು, ಅದು ಏನನ್ನು ಮರೆಮಾಡುತ್ತದೆ ಎಂಬುದು ಪ್ರಸ್ತುತ ಲೇಖನದ ವಿಷಯ.

ದೋಷವನ್ನೆಲ್ಲ ಪರೀಕ್ಷೆಯ ಮೇಲೆ ಹೊರಿಸುವುದು ನ್ಯಾಯವಲ್ಲ. 2023ರಲ್ಲಿ ಅಮೆರಿಕದ ಹೊರಗೂ 2024ರಲ್ಲಿ ಅಮೆರಿಕದೊಳಗೂ ಜಾರಿಗೆ ಬಂದ ಡಿಜಿಟಲ್ ಸ್ಯಾಟ್‌ನ ಓದು-ಬರಹ ವಿಭಾಗದಲ್ಲಿ 64 ನಿಮಿಷಕ್ಕೆ 54 ಪ್ರಶ್ನೆಗಳಿವೆ. ಅವುಗಳಲ್ಲಿ ಸುಮಾರು ಕಾಲುಭಾಗ, ಅಂದರೆ 11ರಿಂದ 15 ಪ್ರಶ್ನೆಗಳು, ವ್ಯಾಕರಣ ಮತ್ತು ಲೇಖನಚಿಹ್ನೆಗಳಿಗೆ ಸೇರಿದವು. ಆ ಪ್ರಶ್ನೆಗಳ ಒಕ್ಕಣೆಯನ್ನು ಗಮನಿಸಬೇಕು: ಕೊಟ್ಟ ಆಯ್ಕೆಗಳಲ್ಲಿ ಯಾವುದು ಶಿಷ್ಟ ಇಂಗ್ಲಿಷಿನ ‘ರೂಢಿ’ಗಳಿಗೆ ಅನುಗುಣವಾಗಿದೆ ಎಂದು ಅವು ಕೇಳುತ್ತವೆ, ತಪ್ಪು ಯಾವುದೆಂದು ಕೇಳುವುದಿಲ್ಲ. ಹಿಂದೆ ಹೀಗಿರಲಿಲ್ಲ. 2016ರವರೆಗೆ ನಡೆದ ಪ್ರಶ್ನೆ ಮಾದರಿಯೊಂದರಲ್ಲಿ ವಾಕ್ಯದ ನಾಲ್ಕು ಭಾಗಗಳಿಗೆ ಅಡಿಗೆರೆ ಎಳೆದು, ತಪ್ಪು ಯಾವ ಭಾಗದಲ್ಲಿದೆ ಎಂದು ಕೇಳುತ್ತಿದ್ದರು. ಐದನೆಯ ಆಯ್ಕೆ ‘ತಪ್ಪಿಲ್ಲ’. ಒಕ್ಕಣೆ ‘ತಪ್ಪಿ’ನಿಂದ ‘ರೂಢಿ’ಗೆ ಸರಿದದ್ದು ಸಣ್ಣ ಬದಲಾವಣೆಯಲ್ಲ. ಆದರೆ ಅಭ್ಯಾಸ ಪುಸ್ತಕಗಳ, ತರಬೇತಿ ತರಗತಿಗಳ ವಿವರಣೆಯ ಭಾಷೆ ಹಳೆಯ ಒಕ್ಕಣೆಯಲ್ಲೇ ನಿಂತಿದೆ. ಭಾಷೆಯ ರಚನಾನಿಯಮ, ಬರವಣಿಗೆಯ ರೂಢಿ, ಶೈಲಿಯ ಅಭಿರುಚಿ ಈ ಮೂರೂ ಅಲ್ಲಿ ಒಂದೇ ಪದದಡಿ ಬೀಳುತ್ತವೆ. ನಮ್ಮ ಆಕ್ಷೇಪ ಇರುವುದು ಈ ಕಲಬೆರಕೆಯ ಬಗ್ಗೆ.

ಕಲಬೆರಕೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಒಂದು ಹಳೆಯ ಪ್ರಸಂಗವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ನೋಡಬೇಕು. 2002ರ ಅಕ್ಟೋಬರಿನಲ್ಲಿ ನಡೆದ ಪಿಎಸ್ಎಟಿ, ಅಂದರೆ ಸ್ಯಾಟ್‌ನ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ, ಲೇಖಕಿ ಟೋನಿ ಮಾರಿಸನ್ ಅವರನ್ನು ಕುರಿತ ವಾಕ್ಯವೊಂದಿತ್ತು. ಮಾರಿಸನ್ ಅವರ ಪ್ರತಿಭೆ ಅವರಿಗೆ ಇಂಥ ಕಾದಂಬರಿಗಳನ್ನು ರಚಿಸುವ ಶಕ್ತಿ ಕೊಡುತ್ತದೆ ಎಂಬುದು ಅದರ ಸಾರ. ಸರಿಯುತ್ತರ ‘ತಪ್ಪಿಲ್ಲ’ ಎಂದಿತ್ತು. ಮೇರಿಲ್ಯಾಂಡ್ ರಾಜ್ಯದ ಪ್ರೌಢಶಾಲಾ ಅಧ್ಯಾಪಕರೊಬ್ಬರು ಇದನ್ನು ಒಪ್ಪಲಿಲ್ಲ. ‘ಹರ್’ ಎಂಬ ಸರ್ವನಾಮಕ್ಕೆ ವಾಕ್ಯದಲ್ಲಿ ಪೂರ್ವವರ್ತಿಯಾಗಬಲ್ಲ ನಾಮಪದವೇ ಇಲ್ಲ, ಇರುವುದು ‘ಮಾರಿಸನ್ಸ್’ ಎಂಬ ಷಷ್ಠೀ ರೂಪ ಮಾತ್ರ, ಅದು ವಿಶೇಷಣದ ಕೆಲಸ ಮಾಡುತ್ತದೆ, ವಿಶೇಷಣವನ್ನು ಸರ್ವನಾಮ ನಿರ್ದೇಶಿಸಲಾರದು ಎಂಬುದು ಅವರ ವಾದ. ಪರೀಕ್ಷಾ ಸಂಸ್ಥೆಯವರು ಮೊದಲು ತಮ್ಮ ಉತ್ತರವನ್ನು ಸಮರ್ಥಿಸಿಕೊಂಡರು. ಕೊನೆಗೆ 2003ರಲ್ಲಿ ಆ ಪ್ರಶ್ನೆಯನ್ನು ಗಣನೆಯಿಂದ ಕೈಬಿಟ್ಟು ಅಂಕಗಳನ್ನು ಮರುಲೆಕ್ಕ ಹಾಕಿದರು.

ವಿಪರ್ಯಾಸವೆಂದರೆ, ಮೊದಲ ಉತ್ತರವೇ ಸರಿಯಾಗಿತ್ತು. ಷಷ್ಠೀ ರೂಪವನ್ನು ಸರ್ವನಾಮ ನಿರ್ದೇಶಿಸಬಾರದೆಂಬ ಈ ನಿಷೇಧ ಕೆಲವು ಕೈಪಿಡಿಗಳಲ್ಲಿ ಇದೆಯೇ ಹೊರತು ಇಂಗ್ಲಿಷ್ ಬರಹದಲ್ಲಿ ಇಲ್ಲ. ನಿಷೇಧವನ್ನು ಬೋಧಿಸುವವರೂ ತಮ್ಮ ಬರಹದಲ್ಲಿ ಅರಿವಿಲ್ಲದೆ ಅದನ್ನು ಮುರಿಯುತ್ತಾರೆ. ಅರ್ನಾಲ್ಡ್ ಜ್ವಿಕಿ ಅವರು ಈ ನಿಷೇಧಕ್ಕೊಂದು ಹೆಸರನ್ನೇ ಇಟ್ಟು ಅದರ ಹುರುಳಿಲ್ಲದಿಕೆಯನ್ನು ಚರ್ಚಿಸಿದ್ದಾರೆ. ಹಡ್ಲ್‌ಸ್ಟನ್ ಮತ್ತು ಪುಲಮ್ ಅವರ ಬೃಹತ್ ಇಂಗ್ಲಿಷ್ ವ್ಯಾಕರಣವೂ ಹೊರಬಂದದ್ದು ಅದೇ 2002ರಲ್ಲಿ ಎಂಬುದನ್ನು ನೆನೆದರೆ, ವಿವರಣಾತ್ಮಕ ವ್ಯಾಕರಣ ಮತ್ತು ಪರೀಕ್ಷೆಯ ವ್ಯಾಕರಣ ಒಂದೇ ವರ್ಷದಲ್ಲಿ ಎಷ್ಟು ದೂರ ದೂರ ವಾಸಿಸುತ್ತಿದ್ದವು ಎಂಬುದು ತಿಳಿದೀತು.

ಕನ್ನಡದ ವಾಕ್ಯರಚನೆಯನ್ನು ಬಲ್ಲವರಿಗೆ ಈ ಪ್ರಸಂಗದಲ್ಲಿ ಇನ್ನೊಂದು ಸ್ವಾರಸ್ಯವಿದೆ. ‘ರಾಜುವಿನ ತಾಯಿ ತನ್ನ ಊರಿಗೆ ಹೋದಳು’ ಎಂದಾಗ ಊರು ತಾಯಿಯದೇ; ರಾಜುವಿನದಾಗಲಾರದು. ‘ರಾಜುವಿನ ತಾಯಿ ಅವನ ಊರಿಗೆ ಹೋದಳು’ ಎಂದಾಗ ಅದು ರಾಜುವಿನ ಊರಾಗಲು ಯಾವ ಅಡ್ಡಿಯೂ ಇಲ್ಲ. ಅಂದರೆ ಷಷ್ಠೀ ರೂಪವನ್ನು ಪೂರ್ವವರ್ತಿಯಾಗಿ ಒಪ್ಪದ ಸರ್ವನಾಮವೊಂದು ನಮ್ಮಲ್ಲಿ ನಿಜವಾಗಿಯೂ ಇದೆ; ಅದು ‘ತಾನು’. ‘ಅವನು’, ‘ಅವಳು’ಗಳಿಗೆ ಆ ಕಟ್ಟಳೆಯಿಲ್ಲ. (‘ಅವನ ಹಟ ತನ್ನನ್ನೇ ಸುಟ್ಟಿತು’ ಎಂಬಂಥ, ಕರ್ತೃಪದ ನಿರ್ಜೀವವಾಗಿರುವ ವಾಕ್ಯಗಳಲ್ಲಿ ಮಾತುಗರ ತೀರ್ಮಾನ ತೂಗಾಡುವುದುಂಟು, ಅದು ಬೇರೆಯೇ ಲೇಖನಕ್ಕೆ ತಕ್ಕ ವಿಷಯ.) ನಿಜವಾದ ರಚನಾನಿಯಮ ಹೇಗಿರುತ್ತದೆ ಎಂಬುದನ್ನು ‘ತಾನು’ ತೋರಿಸುತ್ತದೆ: ಯಾವ ಶಾಲೆಯೂ ಅದನ್ನು ಕಲಿಸಿಲ್ಲ, ಯಾವ ಮಗುವೂ ಅದನ್ನು ಮುರಿಯುವುದಿಲ್ಲ. ಮೇರಿಲ್ಯಾಂಡಿನ ಅಧ್ಯಾಪಕರು ‘ಹರ್’ ಮೇಲೆ ಹೇರಿದ ಕಟ್ಟಳೆ ಇದಕ್ಕೆ ತೀರ ವಿರುದ್ಧ. ಎಲ್ಲರೂ ಅದನ್ನು ಕಲಿಯಬೇಕು, ಕಲಿತವರೂ ಮುರಿಯುತ್ತಾರೆ. ಒಂದು ಭಾಷೆಯ ಮೇಲೆ ಹೊರಗಿನ ವ್ಯಾಕರಣದ ಚೌಕಟ್ಟನ್ನು ಹೊದಿಸಿದಾಗ ಏನಾಗುತ್ತದೆ ಎಂಬುದನ್ನು ಡಿ.ಎನ್. ಶಂಕರ ಭಟ್ಟರ ಬರಹಗಳನ್ನು ಓದಿದ ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ.

ಹಾಗೆಂದು ಪರೀಕ್ಷೆಯ ಎಲ್ಲ ನಿಯಮಗಳೂ ಹುಸಿಯಲ್ಲ. ಆದರೆ ಹುರುಳಿರುವ ಕಡೆಯಲ್ಲೂ ಅಭ್ಯಾಸಕ್ರಮದ ವಿವರಣೆ ವಿದ್ಯಾರ್ಥಿಯ ನಿಜವಾದ ತೊಡಕನ್ನು ಮುಟ್ಟುವುದಿಲ್ಲ. ‘ವಾಕಿಂಗ್ ಟು ಸ್ಕೂಲ್, ದ ರೇನ್ ಸೋಕ್ಡ್ ಅನಿಲ್’ ಎಂಬ ಬಗೆಯ ವಾಕ್ಯವನ್ನು ತೆಗೆದುಕೊಳ್ಳೋಣ. ನಡೆದವನು ಅನಿಲ, ವಾಕ್ಯದ ಕರ್ತೃ ಮಳೆ. ವಿಶೇಷಕವು ತನ್ನ ವಿಶೇಷ್ಯದ ಪಕ್ಕದಲ್ಲಿರಬೇಕು ಎಂದಷ್ಟೇ ಹೇಳಿ ಅಭ್ಯಾಸ ಪುಸ್ತಕ ಮುಂದೆ ಹೋಗುತ್ತದೆ. ಕನ್ನಡ ಮನೆಮಾತಿನ ವಿದ್ಯಾರ್ಥಿ ಇಂಥ ವಾಕ್ಯವನ್ನು ಏಕೆ ಬರೆಯುತ್ತಾನೆ? ಅವನ ಮನಸ್ಸಿನಲ್ಲಿರುವುದು ‘ಶಾಲೆಗೆ ನಡೆಯುವಾಗ ಮಳೆ ಅನಿಲನನ್ನು ತೋಯಿಸಿತು’ ಎಂಬ ವಾಕ್ಯ. ಅದು ಶುದ್ಧ ಕನ್ನಡ. ‘-ವಾಗ’ ರೂಪಕ್ಕೆ ಕರ್ತೃ ಒಂದೇ ಆಗಿರಬೇಕೆಂಬ ಹಂಗಿಲ್ಲ. ‘ಶಾಲೆಗೆ ನಡೆದು ಮಳೆ ಅನಿಲನನ್ನು ತೋಯಿಸಿತು’ ಎಂದು ಮಾತ್ರ ಅವನು ಎಂದೂ ಹೇಳುವುದಿಲ್ಲ, ಏಕೆಂದರೆ ‘ನಡೆದು’ ಎಂಬ ಕೃದಂತಕ್ಕೆ ಸಾಮಾನ್ಯವಾಗಿ ಆ ಹಂಗಿದೆ. ಸಾಮಾನ್ಯವಾಗಿ ಎಂದದ್ದು ಬೇಕೆಂದೇ: ‘ಮಳೆ ಬಂದು ಕೆರೆ ತುಂಬಿತು’ ಎಂಬಲ್ಲಿ ಕರ್ತೃಗಳು ಎರಡಿದ್ದರೂ, ಒಂದು ಘಟನೆ ಇನ್ನೊಂದಕ್ಕೆ ಕಾರಣವಾದುದರಿಂದ, ವಾಕ್ಯ ಸಹಜವಾಗಿದೆ. ಇಂಗ್ಲಿಷಿನ ‘-ಇಂಗ್’ ರೂಪವನ್ನು ‘-ವಾಗ’ಕ್ಕೆ ಹೊಂದಿಸಿಕೊಂಡದ್ದೇ ಇಲ್ಲಿನ ತೊಡಕು. ಅದನ್ನು ‘ನಡೆದು’ ಎಂಬಂಥ ರೂಪದ ಕಡೆಗೆ ತಿರುಗಿಸಿಕೊಟ್ಟರೆ ಸಾಕು. ತನ್ನ ಭಾಷೆಯಲ್ಲೇ ಇರುವ ಒಂದು ಭೇದವನ್ನು ಬಳಸಿ ಕಲಿಯಬಹುದಾದುದನ್ನು ವಿದ್ಯಾರ್ಥಿ ನೂರು ಪ್ರಶ್ನೆಗಳನ್ನು ಬಿಡಿಸಿ, ಕಾರಣ ತಿಳಿಯದೆ, ಕಣ್ಣಳತೆಯಿಂದ ಕಲಿಯುತ್ತಾನೆ.

ಕರ್ತೃ-ಕ್ರಿಯಾ ಹೊಂದಾಣಿಕೆಯ ಪ್ರಶ್ನೆಗಳನ್ನು ಕುರಿತು ಒಂದೆರಡು ಮಾತು ಸಾಕು. ‘ದ ಕೀ ಟು ದ ಕ್ಯಾಬಿನೆಟ್ಸ್’ ಎಂಬ ಪದಪುಂಜದ ಮುಂದೆ ಇಂಗ್ಲಿಷ್ ಮಾತೃಭಾಷಿಕರೇ ಬಹುವಚನದ ಕ್ರಿಯಾಪದ ಬಳಸಿ ಎಡವುವುದನ್ನು ಬಾಕ್ ಮತ್ತು ಮಿಲ್ಲರ್ 1991ರಲ್ಲೇ ಪ್ರಯೋಗಗಳಿಂದ ತೋರಿಸಿದ್ದಾರೆ. ಇದು ಜ್ಞಾನದ ಕೊರತೆಯಲ್ಲ, ಗಮನದ ಜಾರುವಿಕೆ. ಕನ್ನಡದಲ್ಲಿ ‘ಬೀರುಗಳ ಕೀಲಿ ಕಳೆದಿದೆ’ ಎಂಬಲ್ಲಿ ಮುಖ್ಯಪದವೇ ಕ್ರಿಯೆಯ ಪಕ್ಕಕ್ಕಿರುವುದರಿಂದ, ನಡುವೆ ನುಸುಳಿ ದಾರಿತಪ್ಪಿಸುವ ನಾಮಪದ ಈ ರಚನೆಯಲ್ಲಿ ಇರುವುದೇ ಇಲ್ಲ. ಅಭ್ಯಾಸದಿಂದ ಗಮನ ಹರಿತವಾಗುತ್ತದೆ. ಇಲ್ಲಿ ಅಭ್ಯಾಸಕ್ರಮದ ವಿರುದ್ಧ ನಮ್ಮ ತಕರಾರಿಲ್ಲ.

ಲೇಖನಚಿಹ್ನೆಗಳ ವಿಷಯದಲ್ಲಿ ನಾವು ಪರೀಕ್ಷೆಯ ಪರವೇ. ಅವು ನೂರಕ್ಕೆ ನೂರು ರೂಢಿ, ಆದ್ದರಿಂದ ಕಲಿಸಬಹುದಾದವು, ಅಳೆಯಬಹುದಾದವು. ‘ಬೆಂಗಳೂರಿನಲ್ಲಿರುವ ಅಣ್ಣ’ ಎಂದಾಗ ಇರುವವನು ಒಬ್ಬನೇ ಅಣ್ಣನೋ, ಹಲವರಲ್ಲಿ ಬೆಂಗಳೂರಿನಲ್ಲಿರುವವನೋ ಎಂಬುದನ್ನು ಕನ್ನಡ ಅಲ್ಪವಿರಾಮದಿಂದ ಗುರುತಿಸುವುದಿಲ್ಲ; ಇಂಗ್ಲಿಷ್ ಬರಹ ಗುರುತಿಸುತ್ತದೆ. ನಮ್ಮ ವಿದ್ಯಾರ್ಥಿಗೆ ಇದು ಹೊಸ ಭೇದ, ಕಲಿಯಲು ಯೋಗ್ಯವಾದದ್ದು. ಆದರೆ ಅಭ್ಯಾಸದಲ್ಲಿ ಅವನು ಕಲಿಯುವುದು ಬೇರೆ. ಎರಡು ಪೂರ್ಣ ವಾಕ್ಯಗಳ ನಡುವೆ ಅರ್ಧವಿರಾಮವೂ ಪೂರ್ಣವಿರಾಮವೂ ಸಲ್ಲುತ್ತವೆ. ಆಯ್ಕೆಗಳಲ್ಲಿ ಇವೆರಡೂ ಬಂದು, ಉಳಿದದ್ದೆಲ್ಲ ಒಂದೇ ಆಗಿದ್ದರೆ, ಸರಿಯುತ್ತರ ಒಂದೇ ಇರಬೇಕಾದ್ದರಿಂದ ಎರಡನ್ನೂ ಹೊಡೆದುಹಾಕು ಎಂಬುದು ತರಬೇತಿಯಲ್ಲಿ ಸಾಮಾನ್ಯವಾಗಿ ಹೇಳಿಕೊಡುವ ಉಪಾಯ. ತರ್ಕ ಸರಿಯಾಗಿಯೇ ಇದೆ. ಮೂಲ ವಾಕ್ಯವನ್ನು ಓದುವ ಅಗತ್ಯ ಮಾತ್ರ ಉಳಿಯುವುದಿಲ್ಲ. ‘ಎಲ್ಲಕ್ಕಿಂತ ಚಿಕ್ಕ ಉತ್ತರವನ್ನು ಮೊದಲು ನೋಡು’, ‘ಬೀಯಿಂಗ್ ಇದ್ದರೆ ಬಿಡು’ ಎಂಬ ಸೂತ್ರಗಳೂ ಇದೇ ಜಾತಿಯವು. ಅವು ಇಂಗ್ಲಿಷನ್ನು ಕುರಿತ ಹೇಳಿಕೆಗಳಲ್ಲ, ಪ್ರಶ್ನೆ ಬರೆಯುವವರ ಅಭ್ಯಾಸಗಳನ್ನು ಕುರಿತ ಹೇಳಿಕೆಗಳು. ನಮ್ಮ ತರಗತಿಯ ಹಾಳೆಗಳಲ್ಲಿ ‘ಬೀಯಿಂಗ್’ಗೆ ಬಿದ್ದ ನಕ್ಷತ್ರದ ಮೂಲ ಇಲ್ಲಿದೆ.

ವಾಕ್ಯಗಳ ಅನುಕ್ರಮವನ್ನು ಕೇಳುವ ಪ್ರಶ್ನೆ ಇವೆಲ್ಲಕ್ಕಿಂತ ಗಹನವಾದದ್ದು. ಡಿಜಿಟಲ್ ಸ್ಯಾಟ್‌ನಲ್ಲಿ ಒಂದು ಪುಟ್ಟ ಗದ್ಯಭಾಗಕ್ಕೆ ಒಂದೇ ಪ್ರಶ್ನೆ ಇರುವುದರಿಂದ ಅಂಥ ಪ್ರಶ್ನೆಗೆ ಎಡೆಯಿಲ್ಲದಾಯಿತು. ಎಸಿಟಿಯಲ್ಲಿ ಅದು ಉಳಿದುಕೊಂಡಿದೆ. ಗದ್ಯಖಂಡದ ವಾಕ್ಯಗಳಿಗೆ ಸಂಖ್ಯೆ ಕೊಟ್ಟು, ಇಂಥ ವಾಕ್ಯ ಎಲ್ಲಿರಬೇಕು ಎಂದು ಅದು ಕೇಳುತ್ತದೆ. ಎಸಿಟಿ ಇಂಗ್ಲಿಷ್ ವಿಭಾಗದಲ್ಲಿ ಮೊದಲು 45 ನಿಮಿಷಕ್ಕೆ 75 ಪ್ರಶ್ನೆಗಳಿದ್ದವು; 2025ರಲ್ಲಿ ಬಂದ ಹೊಸ ಸ್ವರೂಪದಲ್ಲಿ 35 ನಿಮಿಷಕ್ಕೆ 50. ಒಂದು ಪ್ರಶ್ನೆಗೆ ಸಿಗುವ ಕಾಲ 36 ಸೆಕೆಂಡಿನಿಂದ 42ಕ್ಕೆ ಏರಿದೆ. ಇಷ್ಟರಲ್ಲಿ ಯಾರೂ ಖಂಡದ ವಿಚಾರಸರಣಿಯನ್ನು ತೂಗಿ ನೋಡಲಾರರು. ವಿದ್ಯಾರ್ಥಿ ‘ದಿಸ್’, ‘ಸಚ್’, ‘ದ’ ಎಂಬ ಕುರುಹುಗಳನ್ನು ಹುಡುಕುತ್ತಾನೆ. ಹಾಲಿಡೇ ಮತ್ತು ಹಸನ್ ಅವರು ತಮ್ಮ 1976ರ ಗ್ರಂಥದಲ್ಲಿ ಪಠ್ಯದ ಬೆಸುಗೆಯೆಂದು ವಿವರಿಸಿದ ಸಾಧನಗಳಲ್ಲಿ ಇವೂ ಸೇರಿವೆ ನಿಜ. ಆದರೆ ಸಹಜ ಗದ್ಯದಲ್ಲಿ ಒಂದಕ್ಕಿಂತ ಹೆಚ್ಚು ಅನುಕ್ರಮಗಳು ಸಲ್ಲುವುದು ಸಾಮಾನ್ಯ. ಉತ್ತರ ಒಂದೇ ಆಗಬೇಕಾದರೆ ಪ್ರಶ್ನೆಕಾರರು ಕುರುಹುಗಳನ್ನು ದಟ್ಟವಾಗಿ ನೆಡಬೇಕಾಗುತ್ತದೆ.

ಈ ಕುರುಹುಗಳು ಕನ್ನಡಿಗರಿಗೆ ಏಕೆ ತೊಡಕಾಗುತ್ತವೆ ಎಂಬುದನ್ನು ಯಾವ ಅಭ್ಯಾಸ ಪುಸ್ತಕದಲ್ಲೂ ನಾವು ಕಂಡಿಲ್ಲ. ‘ಒಂದೂರಲ್ಲಿ ಒಬ್ಬ ರಾಜ ಇದ್ದ. ರಾಜನಿಗೆ ಮೂವರು ಮಕ್ಕಳು’ ಎಂಬಲ್ಲಿ ಎರಡನೆಯ ‘ರಾಜ’ ಅದೇ ರಾಜನೆಂದು ತಿಳಿಯುವುದು ಬಹುಮಟ್ಟಿಗೆ ಅನುಕ್ರಮದಿಂದಲೇ. ನಿರ್ದಿಷ್ಟತೆಯನ್ನು ಸೂಚಿಸುವ ಪದ ಅಲ್ಲಿಲ್ಲ. ‘ಪುಸ್ತಕ ಓದಿದ’, ‘ಪುಸ್ತಕವನ್ನು ಓದಿದ’ ಎಂಬಂಥ ಕಡೆ ದ್ವಿತೀಯಾ ಪ್ರತ್ಯಯ ಸ್ವಲ್ಪ ನೆರವಾಗುತ್ತದೆ, ಅಷ್ಟೆ. ಅನುಕ್ರಮದಿಂದ ನಿರ್ದಿಷ್ಟತೆಯನ್ನು ಗ್ರಹಿಸಿ ರೂಢಿಯಾದ ಓದುಗನಿಗೆ, ನಿರ್ದಿಷ್ಟತೆಯಿಂದ ಅನುಕ್ರಮವನ್ನು ಕಂಡುಹಿಡಿ ಎಂದು ಪರೀಕ್ಷೆ ಹೇಳುತ್ತದೆ. ಲೆಕ್ಕವನ್ನು ತಲೆಕೆಳಗು ಮಾಡಿ ಬಿಡಿಸು ಎಂದ ಹಾಗೆ. ಇದನ್ನು ಒಮ್ಮೆ ಬಿಡಿಸಿ ಹೇಳಿದರೆ ಅವನ ಇಂಗ್ಲಿಷ್ ಓದು ಶಾಶ್ವತವಾಗಿ ಬದಲಾಗುತ್ತದೆ. ಅಭ್ಯಾಸಕ್ರಮ ಅವನಿಗೆ ಕೊಡುವುದು ಇನ್ನೂ ಇಪ್ಪತ್ತು ಅಂಥದೇ ಪ್ರಶ್ನೆಗಳನ್ನು.

ಪರೀಕ್ಷೆಗೆ ಕೂರುವ ಹದಿನೇಳರ ಹುಡುಗನಿಗೆ ಭಾಷಾವಿಜ್ಞಾನ ಬೇಕಿಲ್ಲ, ಅಂಕ ಬೇಕು ಎಂಬ ಆಕ್ಷೇಪ ನಮಗೆ ಗೊತ್ತಿದೆ. ಅದು ಹಗುರವಾದ ಆಕ್ಷೇಪವೂ ಅಲ್ಲ. ವಿದ್ಯಾರ್ಥಿವೇತನಗಳು ಆ ಅಂಕದ ಮೇಲೆ ನಿಂತಿರುವುದುಂಟು. ಆದರೆ ನಾವು ಪ್ರಶ್ನೆಗಳನ್ನು ಬದಲಿಸಿ ಎನ್ನುತ್ತಿಲ್ಲ. ಉತ್ತರದ ಕೆಳಗಿನ ಎರಡು ಸಾಲಿನ ವಿವರಣೆಯಲ್ಲಿ ಇದು ರಚನಾನಿಯಮವೋ, ಬರಹದ ರೂಢಿಯೋ, ಶೈಲಿಯ ಆಯ್ಕೆಯೋ ಎಂಬ ಒಂದು ಪದ ಸೇರಿಸಲು ಹೆಚ್ಚಿನ ಕಾಲವೇನೂ ಬೇಡ. ಭಾಷೆಯ ಬಗೆಗಿನ ತೀರ್ಮಾನವನ್ನೇ ದತ್ತಾಂಶವಾಗಿ ಬಳಸುವ ನಮ್ಮಂಥವರಿಗಂತೂ ಇದು ಕಸುಬಿನ ಪ್ರಶ್ನೆ. ‘ತಪ್ಪು’ ಎಂಬ ಒಂದೇ ಪದದಲ್ಲಿ ಪಳಗಿದ ಮಾತುಗನಿಂದ ನಾವು ಪಡೆಯುವ ತೀರ್ಮಾನ ಅವನ ವ್ಯಾಕರಣದ್ದೋ, ಅವನ ತರಬೇತಿಯದ್ದೋ ಎಂದು ಬೇರ್ಪಡಿಸುವ ದಾರಿ ನಮಗಿಲ್ಲ.

ಕಳೆದ ಅವಧಿಯಲ್ಲಿ ನಾವು ಹಾಳೆಯ ಮೇಲೆ ಮೂರು ಅಂಕಣಗಳನ್ನು ಎಳೆದು, ಹದಿನೈದು ಇಂಗ್ಲಿಷ್ ವಾಕ್ಯಗಳನ್ನೂ ಹದಿನೈದು ಕನ್ನಡ ವಾಕ್ಯಗಳನ್ನೂ ಕೊಟ್ಟೆವು. ಕನ್ನಡ ವಾಕ್ಯಗಳಲ್ಲಿ ಯಾರೂ ಎಡವಲಿಲ್ಲ. ‘ಶಾಲೆಗೆ ನಡೆದು ಮಳೆ’ಯ ವಾಕ್ಯಕ್ಕೆ ಎಲ್ಲರೂ ನಗುತ್ತಲೇ ನಕ್ಷತ್ರ ಹಾಕಿದರು. ಮಾರಿಸನ್ ವಾಕ್ಯದ ಬಳಿ ಬಂದಾಗ ಸ್ಯಾಟ್‌ಗೆ ಓದಿದ್ದ ಒಬ್ಬಾಕೆ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದಳು. ಕೊನೆಗೆ ಮೂರೂ ಅಂಕಣಗಳನ್ನು ಖಾಲಿ ಬಿಟ್ಟು, ಅಂಚಿನಲ್ಲಿ ಕನ್ನಡದಲ್ಲಿ ಬರೆದಳು: ‘ಇದರಲ್ಲಿ ತಪ್ಪೇನಿದೆ ಎಂದು ನನಗೆ ಹೇಳಿಕೊಟ್ಟಿದ್ದರು, ಈಗ ಕಾಣುತ್ತಿಲ್ಲ.’