ಕಥೆಗಾರರ ಪಾಕಗ್ರಂಥ

ಕಾಣದ ಲೋಕವನ್ನು ಕಣ್ಣಿಗೆ ಕಟ್ಟುವಂತೆ ಬರೆಯುವುದು ವಿಜ್ಞಾನಕಥೆಗಾರರ ಕಸಬು. ಅಂಥವರು ಒಗ್ಗೂಡಿ ತಮ್ಮ ತಮ್ಮ ಮನೆಯ ಅಡಿಗೆಯ ಕ್ರಮವನ್ನು ಬರೆದುಕೊಟ್ಟರೆ ಅದನ್ನು ಶಾಸ್ತ್ರವೆನ್ನಬೇಕೆ, ಸಾಹಿತ್ಯವೆನ್ನಬೇಕೆ, ಬರಿಯ ವಿನೋದವೆನ್ನಬೇಕೆ? ಡ್ರ್ಯಾಗನ್‌ಗಳ ಕಥೆಗಳಿಂದ ಹೆಸರಾದ ಆನ್ ಮೆಕ್ಯಾಫ್ರಿ ಎಂಬ ಲೇಖಕಿ ೧೯೭೩ರಲ್ಲಿ ಹೊರತಂದ ‘ಕುಕಿಂಗ್ ಔಟ್ ಆಫ್ ದಿಸ್ ವರ್ಲ್ಡ್’ ಇಂಥದೊಂದು ಸಂಕಲನ. ಅರ್ಸುಲಾ ಲೆ ಗ್ವಿನ್ ಮೊದಲಾದ ಕಥೆಗಾರರು ಅದಕ್ಕೆ ಬರೆದಿದ್ದಾರೆ. ಹೆಸರಿನಲ್ಲಿಯೇ ಶ್ಲೇಷೆಯುಂಟು: ಬೇರೊಂದು ಲೋಕದ ಅಡಿಗೆಯೆಂದೂ ಅರ್ಥ, ಲೋಕೋತ್ತರವಾದ ರುಚಿಯೆಂದೂ ಅರ್ಥ.

ಕವಿಯು ಪಾಕವನ್ನು ಹೇಳುವುದು ಕನ್ನಡಕ್ಕೆ ಹೊಸತಲ್ಲ. ಸುಮಾರು ೧೦೨೫ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಜ್ಯೋತಿಷ, ವಾಸ್ತು, ವೃಕ್ಷಾಯುರ್ವೇದಗಳೊಡನೆ ಅಡಿಗೆಗೂ ಎಡೆ ದೊರೆತಿದೆ. ೧೬ನೆಯ ಶತಮಾನದ ಆದಿಭಾಗದಲ್ಲಿದ್ದ ಮೂರನೆಯ ಮಂಗರಸನು ‘ಸಮ್ಯಕ್ತ್ವಕೌಮುದಿ’, ‘ನೇಮಿಜಿನೇಶ ಸಂಗತಿ’ಗಳನ್ನು ಬರೆದ ಕೈಯಿಂದಲೇ ‘ಸೂಪಶಾಸ್ತ್ರ’ವನ್ನೂ ಬರೆದನು. ಹಿಟ್ಟಿನ ಭಕ್ಷ್ಯ, ಪಾನಕ, ಅನ್ನ, ಬದನೆ, ಬಾಳೆ, ಹಲಸು, ಕಳಿಲೆ ಎಲ್ಲವೂ ಅಲ್ಲಿ ವಾರ್ಧಕ ಷಟ್ಪದಿಗೆ ಒಳಪಟ್ಟಿವೆ.

ಈ ಎರಡು ಬಗೆಯ ಗ್ರಂಥಗಳ ಗುಣವೂ ಬೇರೆ, ದೋಷವೂ ಬೇರೆ. ಷಟ್ಪದಿಯು ಬಾಯಲ್ಲಿ ನಿಲ್ಲುತ್ತದೆ. ಆದರೆ ಪ್ರಾಸಕ್ಕೂ ಮಾತ್ರೆಗೂ ಕಟ್ಟುಬಿದ್ದ ಪದ್ಯದಲ್ಲಿ ತೂಕವನ್ನೂ ಹೊತ್ತನ್ನೂ ಬಿಡಿಸಿ ಹೇಳಲು ಅವಕಾಶ ಕಡಮೆ. ಅದು ಹದವರಿತವರಿಗೆ ಹೇಳಿದ ಮಾತು. ಈಚಿನ ಗದ್ಯಗ್ರಂಥದಲ್ಲಿ ಅಳತೆಗೆ ಕೊರತೆಯಿಲ್ಲ. ಆದರೆ ಅದನ್ನು ವಾಚಕನು ತೆರೆಯುವುದು ಅಡಿಗೆಗಿಂತ ಹೆಚ್ಚಾಗಿ ಲೇಖಕನ ಹೆಸರಿಗಾಗಿ.

ಇವುಗಳ ಪರೀಕ್ಷೆ ನಡೆಯಬೇಕಾದುದು ಒಲೆಯ ಮುಂದೆ. ಬೆಂಗಳೂರಿನ ಬಾಗಲಗುಂಟೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಸಮೀಪದ ಪೀಣ್ಯದ ಕಾರ್ಖಾನೆಗಳಲ್ಲಿ ನಕ್ಷೆಯ ಅಳತೆಗೆ ಕೂದಲೆಳೆಯಷ್ಟು ತಪ್ಪಿದರೂ ಯಂತ್ರದ ಬಿಡಿಭಾಗವು ಕೂಡಿಕೊಳ್ಳದು. ಅಂತಹ ಕೆಲಸಕ್ಕಾಗಿ ಊರು ಬಿಟ್ಟು ಬಂದ ಹೊಸ ಸಂಸಾರದಲ್ಲಿ ಎಳೆಯ ಸೊಸೆಯ ಪಕ್ಕ ನಿಂತು ‘ಸಾಕಮ್ಮ, ಇನ್ನು ಇಳಿಸು’ ಎನ್ನಲು ಅತ್ತೆಯಿಲ್ಲ, ತಾಯಿಯಿಲ್ಲ. ಪುಸ್ತಕವೇ ಆ ಸ್ಥಾನದಲ್ಲಿ ನಿಲ್ಲಬೇಕು. ‘ಉಪ್ಪು ರುಚಿಗೆ ತಕ್ಕಷ್ಟು’ ಎಂದರೆ ಆಕೆಗೆ ಸಾಲದು. ಹಾಗೆಂದು ಚಮಚದ ಲೆಕ್ಕವೊಂದೇ ಸಾಲುವುದೂ ಇಲ್ಲ. ಬೆಲ್ಲದ ಪಾಕವು ಎಳೆ ಬಂದುದನ್ನಾಗಲಿ, ಮೆಂತ್ಯವು ಹದವಾಗಿ ಹುರಿದು ಕಂಪಿಟ್ಟುದನ್ನಾಗಲಿ ಗಡಿಯಾರವು ತಿಳಿಸಲಾರದು. ಕಣ್ಣು ಮೂಗುಗಳಿಗೆ ಮಾತ್ರ ತಿಳಿಯುವ ಇಂತಹ ಗುರುತನ್ನು ಮಾತಿನಲ್ಲಿ ಹಿಡಿದುಕೊಡುವುದೇ ಬರಹಗಾರನ ಕೆಲಸ. ಪಾಕಗ್ರಂಥಕ್ಕೆ ಕಥೆಗಾರನು ಬೇಕಾಗುವುದು ಇಲ್ಲಿ.

ಕಥೆಯಲ್ಲಿ ಬಂದ ಗ್ರಹಕ್ಕೆ ಹೋಗಿ ನೋಡಲು ವಾಚಕನಿಂದಾಗದು. ಪುಸ್ತಕದಲ್ಲಿ ಬಂದ ಹುಳಿಯನ್ನು ಅಂದು ಸಂಜೆಯೇ ಕುದಿಸಿ ನೋಡಬಹುದು. ಲೇಖಕನ ಮಾತು ಇಷ್ಟು ಬೇಗ, ಇಷ್ಟು ಕಠಿನವಾಗಿ ಪರೀಕ್ಷೆಗೆ ಒಳಗಾಗುವ ಸಾಹಿತ್ಯಪ್ರಕಾರ ಮತ್ತೊಂದಿಲ್ಲ. ಕನ್ನಡದ ವಿಜ್ಞಾನಕಥೆಗಾರರು ಇಂತಹ ಕಾರ್ಯಕ್ಕೆ ಕೈಹಾಕುವುದಾದರೆ ನೆನಪಿನಲ್ಲಿ ನಿಲ್ಲುವ ಮಾತನ್ನು ಮಂಗರಸನಿಂದಲೂ, ಅಳತೆಯ ನಿಷ್ಠೆಯನ್ನು ಹೊಸ ಗ್ರಂಥಗಳಿಂದಲೂ ಪಡೆಯುವುದು ಯೋಗ್ಯ. ಹಾಗೆ ಬರೆದ ಪುಸ್ತಕವು ಕಪಾಟನ್ನು ಸೇರದೆ, ಅರಿಸಿನದ ಕಲೆ ಹತ್ತಿಸಿಕೊಂಡು ಅಡಿಗೆಮನೆಯಲ್ಲಿಯೇ ಉಳಿಯುವುದು.