‘ಉತ್ತಮ ಚೇತರಿಕೆ’: ಒಂದು ತಕರಾರು

ಬೆಂಗಳೂರಿನ ಹೊಸೂರು ರಸ್ತೆಯ ಮಾನಸಿಕ ಆಸ್ಪತ್ರೆ ನಿಮ್ಹಾನ್ಸ್ ಆಗಿ ರೂಪುಗೊಂಡ 1974ರಲ್ಲಿಯೇ ಗ್ಲಾಸ್ಗೋದಿಂದ ಹೊರಟ ಪ್ರಜ್ಞಾಮಾಪಕದ ಗುಣದೋಷಗಳನ್ನು ಬಲ್ಲವರು ಬಲ್ಲರಾದುದರಿಂದ ಅದರ ಗೊಡವೆ ಇಲ್ಲಿ ಬೇಡ. ನನ್ನ ತಕರಾರಿರುವುದು ಮರುವರ್ಷ ಜೆನೆಟ್ ಮತ್ತು ಬಾಂಡ್ ಪ್ರಕಟಿಸಿದ, ಮೆದುಳಿಗೆ ಪೆಟ್ಟಾದವರ ಗತಿಯನ್ನು ಮರಣದಿಂದ ಮೊದಲ್ಗೊಂಡು ಐದೇ ಮೆಟ್ಟಿಲುಗಳಲ್ಲಿ ಅಳೆಯುವ ಪರಿಣಾಮಮಾಪಕದೊಡನೆ. ಅದರಲ್ಲಿಯೂ ‘ಉತ್ತಮ ಚೇತರಿಕೆ’ ಎಂಬ ತುತ್ತತುದಿಯ ಮೆಟ್ಟಿಲಿನೊಡನೆ.

ಅಲ್ಪಸ್ವಲ್ಪ ನ್ಯೂನತೆ ಉಳಿದಿದ್ದರೂ ಸಹಜ ಜೀವನಕ್ಕೆ ಮರಳಿದವನು ಈ ಮೆಟ್ಟಿಲಿಗೆ ಅರ್ಹನು. ‘ಮರಳುವುದು’ ಎಂಬ ಕ್ರಿಯಾಪದವನ್ನು ಕೊಂಚ ಒರೆಗೆ ಹಚ್ಚಬೇಕು. ಗುಮಾಸ್ತನಿಗೆ ಮರಳಲು ಮೇಜಿದೆ, ಬಡಗಿಗೆ ಉಳಿಯಿದೆ. ಕಳೆದುದೇನೆಂಬುದನ್ನು ಅವೇ ಹೇಳುತ್ತವೆ. ಏಳು ವರ್ಷದ ಮಗು ಮರಳುವುದೆಲ್ಲಿಗೆ? ಯೋಜಿಸುವ, ತಡೆದುಕೊಳ್ಳುವ, ಎರಡು ಕೆಲಸಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿಗಳು, ಇಪ್ಪತ್ತು ದಾಟಿದರೂ ಪಕ್ವವಾಗುತ್ತಲೇ ಇರುವ, ಹಣೆಯ ಹಿಂಬದಿಯ ಮೆದುಳನ್ನು ಆಶ್ರಯಿಸಿದುವು. ಇನ್ನೂ ಮೊಳೆಯದ ಶಕ್ತಿ ಕಳೆದುಹೋಯಿತೆಂದು ಅಂದೇ ಕಂಡುಹಿಡಿಯುವವರಾದರೂ ಯಾರು?

ಜಯನಗರದ ನಮ್ಮ ಬೀದಿಯಲ್ಲೊಬ್ಬ ಹುಡುಗನಿದ್ದಾನೆ. ಎರಡನೆಯ ತರಗತಿಯಲ್ಲಿದ್ದಾಗ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾಗಿಯೂ, ತಿಂಗಳೆರಡರಲ್ಲಿ ಕುಣಿಯುತ್ತ ಶಾಲೆಗೆ ಹೋದವನು. ಆ ಎರಡು ಪದಗಳಿದ್ದ ಡಿಸ್ಚಾರ್ಜ್ ಸಮ್ಮರಿಯನ್ನು ಅಜ್ಜಿ ಮಡಿಸಿ ದೇವರ ಗೂಡಿನಲ್ಲಿಟ್ಟರು. ಈಗ ಎಂಟನೆಯ ತರಗತಿ. ಮೊನ್ನೆ ಹಾಲು, ಕೊತ್ತಂಬರಿ ಸೊಪ್ಪು, ಅಜ್ಜಿಯ ಬಿ.ಪಿ. ಮಾತ್ರೆ ತರಲು ಹೋದವನು ಹಾಲನ್ನಷ್ಟೇ ತಂದು, ಮಿಕ್ಕ ಚಿಲ್ಲರೆಯನ್ನು ಅಂಗೈಯಲ್ಲಿ ಹರಡಿಕೊಂಡು ಹೊಸ್ತಿಲಲ್ಲೇ ನಿಂತು, “ಇನ್ನೇನೋ ಹೇಳಿದ್ಯಲ್ಲಾ ಅಜ್ಜಿ?” ಎಂದ. ಶಾಲೆಯಲ್ಲಿ ಇವನಿಗೆ ಸೋಮಾರಿಯೆಂಬ ಬಿರುದು.

‘ಚಿಕ್ಕ ವಯಸ್ಸು, ಸರಿಹೋಗುತ್ತೆ’ ಎಂಬ ಪಕ್ಷದವರು ಇಲ್ಲಿ, ಪೆಟ್ಟು ಎಳವೆಯಲ್ಲಾದಷ್ಟೂ ಚೇತರಿಕೆ ಹೆಚ್ಚೆನ್ನುವ ಕೆನಾರ್ಡ್ ನಿಯಮವನ್ನು ಹಿಡಿದು ಎದ್ದುನಿಲ್ಲುತ್ತಾರೆ. 1936ರಲ್ಲಿ ಮಾರ್ಗರೆಟ್ ಕೆನಾರ್ಡ್ ಕೋತಿಮರಿಗಳ ಮೆದುಳಿನ ಚಲನಾಕ್ಷೇತ್ರವನ್ನು ಕುರಿತು ಬರೆದುದನ್ನು ಈ ಮಹನೀಯರಲ್ಲಿ ಎಷ್ಟು ಮಂದಿ ಓದಿರುವರೋ! ನಿಯಮವೆಂಬ ಪಟ್ಟ ಕಟ್ಟಿದವರು ಬಳಿಕ ಬಂದವರು. ಕೆಲವು ದೋಷಗಳು ಮರಿ ಬೆಳೆದಂತೆ ತಲೆದೋರುವುದನ್ನು ಆಕೆಯೇ ಗುರುತಿಸಿದ್ದರು. ಎಳವೆಯ ಪೆಟ್ಟು ಹೆಚ್ಚು ಘಾತಕವಾಗಬಹುದೆಂದು ಮನೋವಿಜ್ಞಾನಿ ಹೆಬ್ 1940ರ ದಶಕದಲ್ಲಿಯೇ ವಾದಿಸಿದ್ದರು. ಸಾಂತ್ವನವನ್ನು ಶಾಸ್ತ್ರವೆಂದು ಮಾರುವವರಿಗೆ ಇವೆಲ್ಲ ಅನನುಕೂಲ.

ನ್ಯಾಯವಾಗಿ ಒಪ್ಪಬೇಕಾದುದೂ ಉಂಟು: 2001ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯವರು ಮಕ್ಕಳಿಗೆಂದೇ ಮಾಪಕವೊಂದನ್ನು ರೂಪಿಸಿ ಉತ್ತಮ ಚೇತರಿಕೆಯನ್ನು ಎರಡಾಗಿ ಸೀಳಿದರು; 2004ರಲ್ಲಿ ನಿಮ್ಹಾನ್ಸ್, 5ರಿಂದ 15 ವರ್ಷದವರ ಗಮನ, ಸ್ಮೃತಿಗಳನ್ನು ಬಿಡಿಬಿಡಿಯಾಗಿ ಅಳೆಯುವ ಪರೀಕ್ಷಾಮಾಲೆಯನ್ನು ಹೊರತಂದಿತು. ಆದರೆ ಅಳತೆಯೆಂಬುದು ಅಳೆದ ದಿನದ್ದು. ಮಗುವನ್ನು ವರುಷವರುಷ ಮತ್ತೆ ಕರೆಯದೆ ಅದರಿಂದ ಭವಿಷ್ಯವನ್ನು ಓದಲಾಗದು.

ಅಜ್ಜಿ ಆ ಕಾಗದವನ್ನು ನನಗೆ ಬಿಚ್ಚಿ ತೋರಿಸಿದರು. ಕುಂಕುಮದ ಕಲೆಯ ಪಕ್ಕದಲ್ಲಿ ಆ ಎರಡು ಪದಗಳು. ಕೆಳಗೆ, ‘ಮುಂದಿನ ಭೇಟಿ’ ಎಂಬುದರೆದುರು, ಒಂದು ಅಡ್ಡಗೆರೆ.