ತಿಂಗಳುಗಟ್ಟಲೆಯ ಆಟವನ್ನು ಸವಿಯುವ ಬಗೆ: ಬಳ್ಳಾರಿ ಸೀಮೆಯ ಫುಟ್‌ಬಾಲ್ ರಸಿಕರಿಗೊಂದು ಕೈಪಿಡಿ

ಒಂದು ಫುಟ್‌ಬಾಲ್ ಪಂದ್ಯವನ್ನು ನೋಡಿ ನಲಿಯುವುದಕ್ಕೂ ರಾಷ್ಟ್ರಮಟ್ಟದ ಲೀಗ್‌ನ ಇಡೀ ಆವೃತ್ತಿಯನ್ನು ಸವಿಯುವುದಕ್ಕೂ ಅಂತರವಿದೆ. ಪಂದ್ಯದ ರಸ ಗೋಲಿನ ಕ್ಷಣದಲ್ಲಿ ಉಕ್ಕಿಬರುತ್ತದೆ. ಆವೃತ್ತಿಯ ರಸವಾದರೋ ತಿಂಗಳುಗಟ್ಟಲೆ ಹನಿಹನಿಯಾಗಿ ಕೂಡುತ್ತಾ, ಕಳೆದ ಪಂದ್ಯದ ನೆನಪಿನಿಂದ ಮುಂದಿನ ಪಂದ್ಯಕ್ಕೆ ಅರ್ಥವನ್ನು ತುಂಬುತ್ತಾ ಸಾಗುತ್ತದೆ. ಇರುಳಿಡೀ ನಡೆಯುವ ದೊಡ್ಡಾಟಕ್ಕೆ ಕೂರುವ ಈ ಸೀಮೆಯ ಪ್ರೇಕ್ಷಕನು ಯುದ್ಧದ ಪ್ರಸಂಗವೊಂದನ್ನೇ ಕಾಯದೆ, ಪಾತ್ರದ ಪ್ರವೇಶ, ಸಂವಾದ, ಕುಣಿತಗಳಿಗೂ ಮನಸ್ಸು ಕೊಡುವಂತೆ, ಲೀಗ್‌ನ ರಸಿಕನೂ ನಿಧಾನದ ಭಾಗಗಳಿಗೆ ಮನಸ್ಸು ಕೊಡಬೇಕಾಗುತ್ತದೆ.

ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡುಗಳ ಜನರಿಗೆ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್, ಹೆಚ್ಚಾಗಿ ಟಿ.ವಿ. ಮತ್ತು ಮೊಬೈಲ್‌ನ ಆಟವೇ ಆದರೂ, ಅದು ಈ ನೆಲಕ್ಕೆ ದೂರದ್ದಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತಂಡದ ಒಡೆತನ ಜೆಎಸ್‌ಡಬ್ಲ್ಯು ಸಮೂಹದ್ದಾಗಿದ್ದು, ಆ ಸಮೂಹದ ಬೃಹತ್ ಉಕ್ಕಿನ ಕಾರ್ಖಾನೆ ಇದೇ ಜಿಲ್ಲೆಯ ತೋರಣಗಲ್ಲಿನಲ್ಲಿದೆ. 2018ರಲ್ಲಿ ಅಲ್ಲಿಯೇ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಕ್ರೀಡಾಸಂಸ್ಥೆಯಲ್ಲಿ ಬೆಂಗಳೂರು ತಂಡದ ವಸತಿಸಹಿತ ಫುಟ್‌ಬಾಲ್ ಅಕಾಡೆಮಿ ನೆಲೆಗೊಂಡಿತು. ಹಿರಿಯರ ತಂಡವೂ ಲೀಗ್‌ಗೆ ಮುಂಚಿನ ತಾಲೀಮಿಗೆ ಇಲ್ಲಿಗೆ ಬಂದದ್ದುಂಟು. ಆದ್ದರಿಂದ ಆವೃತ್ತಿಯೊಂದನ್ನು ಓದುವ ಪಾಠಕ್ಕೆ ಈ ತಂಡದ 2017–18 ಮತ್ತು 2018–19ರ ಎರಡು ಆವೃತ್ತಿಗಳನ್ನೇ ಮಾದರಿಯಾಗಿ ಇಟ್ಟುಕೊಳ್ಳುವುದು ಉಚಿತ.

ಅಂಕಪಟ್ಟಿಯನ್ನು ಓದುವುದು

ಲೀಗ್ ಎಂದರೆ ಪ್ರತಿಯೊಂದು ತಂಡವೂ ಉಳಿದೆಲ್ಲ ತಂಡಗಳ ಎದುರು ಆಡುವ ವ್ಯವಸ್ಥೆ. ಆ ಎರಡು ಆವೃತ್ತಿಗಳಲ್ಲಿ ಹತ್ತು ತಂಡಗಳಿದ್ದು, ಪ್ರತಿ ಎದುರಾಳಿಯ ಮೇಲೆ ತವರಿನಲ್ಲಿ ಒಮ್ಮೆ, ಪರಸ್ಥಳದಲ್ಲಿ ಒಮ್ಮೆ ಆಡುವುದರಿಂದ ಒಂದು ತಂಡಕ್ಕೆ 18 ಪಂದ್ಯಗಳಾಗುತ್ತಿದ್ದವು. ಗೆಲುವಿಗೆ 3 ಅಂಕ, ಸಮಬಲಕ್ಕೆ 1, ಸೋಲಿಗೆ ಸೊನ್ನೆ. ಗೆಲುವಿಗೆ ಮೂರು ಅಂಕಗಳಿರುವುದರಿಂದ ಒಂದು ಗೆಲುವು ಮೂರು ಸಮಬಲಗಳಿಗೆ ಸಮನಾಗುತ್ತದೆ ಎಂಬುದನ್ನು ಗ್ರಹಿಸಿದವರಿಗೆ, ಕೊನೆಯ ಹತ್ತು ನಿಮಿಷಗಳಲ್ಲಿ ಕೋಚ್ ಒಬ್ಬ ಡಿಫೆಂಡರನನ್ನು ಹೊರಗೆ ಕರೆಸಿ ಮುಂಚೂಣಿಯ ಆಟಗಾರನನ್ನು ಇಳಿಸುವ ಸಾಹಸದ ಹಿಂದಿನ ಲೆಕ್ಕ ತಾನಾಗಿ ತಿಳಿಯುತ್ತದೆ.

2018–19ರ ಅಂಕಪಟ್ಟಿ ಇನ್ನೊಂದು ಸೂಕ್ಷ್ಮವನ್ನು ಕಲಿಸುತ್ತದೆ. ಬೆಂಗಳೂರು ಮತ್ತು ಎಫ್‌ಸಿ ಗೋವಾ ಎರಡೂ 10 ಗೆಲುವು, 4 ಸಮಬಲ, 4 ಸೋಲುಗಳೊಂದಿಗೆ 34 ಅಂಕಗಳಲ್ಲಿ ನಿಂತವು. ಗೋವಾ 36 ಗೋಲು ಹೊಡೆದು 20 ಬಿಟ್ಟುಕೊಟ್ಟಿದ್ದರೆ, ಬೆಂಗಳೂರು 29 ಹೊಡೆದು 22 ಬಿಟ್ಟುಕೊಟ್ಟಿತ್ತು. ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟವನ್ನು ಕಳೆದರೆ ಸಿಗುವ ‘ಗೋಲು ಅಂತರ’ದಲ್ಲಿ ಗೋವಾ ಬಹಳ ಮುಂದಿತ್ತು. ಆದರೂ ಅಗ್ರಸ್ಥಾನ ಬೆಂಗಳೂರಿನ ಪಾಲಾಯಿತು, ಏಕೆಂದರೆ ಅಂಕಗಳು ಸಮನಾದಾಗ ಆ ಎರಡು ತಂಡಗಳ ನಡುವಿನ ಮುಖಾಮುಖಿಯ ಫಲಿತಾಂಶವನ್ನು ಮೊದಲು ನೋಡಬೇಕೆಂಬುದು ನಿಯಮವಾಗಿತ್ತು ಮತ್ತು ಬೆಂಗಳೂರು ಗೋವಾವನ್ನು ಅದರ ನೆಲದಲ್ಲಿ 2–1ರಿಂದಲೂ ತನ್ನ ಕಂಠೀರವ ಕ್ರೀಡಾಂಗಣದಲ್ಲಿ 3–0ಯಿಂದಲೂ ಸೋಲಿಸಿತ್ತು. ನವೆಂಬರಿನ ಒಂದು ಸಂಜೆಯ ಗೆಲುವು ಫೆಬ್ರುವರಿ ಕಳೆದ ಮೇಲೆ ತನ್ನ ಪೂರ್ಣ ಬೆಲೆಯನ್ನು ತೋರಿಸಿತೆಂಬುದೇ ಲೀಗ್‌ನ ಸೊಗಸು; ಆ ಸಂಜೆಯನ್ನು ನೆನಪಿಟ್ಟುಕೊಂಡವರಿಗೆ ಮಾತ್ರ ಅದು ದಕ್ಕುತ್ತದೆ.

ಚೆಂಡಿಲ್ಲದ ಕಡೆಗೆ ನೋಡುವುದು

ಹೊಸಬರ ಕಣ್ಣು ಸದಾ ಚೆಂಡಿನ ಹಿಂದೆ ಓಡುತ್ತದೆ, ಟಿ.ವಿ.ಯ ಕ್ಯಾಮೆರಾವೂ ಅದನ್ನೇ ಮಾಡುತ್ತದೆ. ರಸಿಕತೆಗೆ ಬೇಕಾದ ಮೊದಲ ಅಭ್ಯಾಸವೆಂದರೆ, ಪ್ರತಿ ಪಂದ್ಯದಲ್ಲಿ ಹತ್ತು ನಿಮಿಷಗಳ ಕಾಲ ಒಬ್ಬನೇ ಆಟಗಾರನನ್ನು, ಅವನ ಬಳಿ ಚೆಂಡಿಲ್ಲದಾಗಲೂ, ಪರದೆಯಲ್ಲಿ ಕಾಣುವಷ್ಟು ಹೊತ್ತು ಹಿಂಬಾಲಿಸುವುದು. ಬೆಂಗಳೂರು ತಂಡದ ಮುಂಚೂಣಿಯ ಆಟಗಾರ ಸುನಿಲ್ ಚೆಟ್ರಿಯನ್ನು ಹೀಗೆ ಗಮನಿಸಿದರೆ, ಗೋಲು ಹೊಡೆಯುವ ಕ್ಷಣಕ್ಕಿಂತ ಮುಂಚೆ ಡಿಫೆಂಡರನ ಬೆನ್ನ ಹಿಂದೆ ಸರಿದು, ಅವನ ನೋಟದಿಂದ ತಪ್ಪಿಸಿಕೊಂಡು, ಸರಿಯಾದ ಗಳಿಗೆಗೆ ಖಾಲಿ ಜಾಗಕ್ಕೆ ನುಗ್ಗುವುದರಲ್ಲಿಯೇ ಅವರ ಕಲೆಯ ಹೆಚ್ಚಿನ ಪಾಲು ಅಡಗಿದೆ ಎಂಬುದು ಕಾಣುತ್ತದೆ. ಟಿ.ವಿ. ತೋರಿಸದ ಇಡೀ ತಂಡದ ವಿನ್ಯಾಸವನ್ನು, ಅಂದರೆ ರಕ್ಷಣೆಯ ಸಾಲು ಒಟ್ಟಾಗಿ ಮುಂದೆ ಸರಿಯುವುದನ್ನೂ ಹಿಂದೆ ಜಗ್ಗುವುದನ್ನೂ ತಿಳಿಯಲು, ಊರಿನ ಶಾಲಾ–ಕಾಲೇಜು ಮೈದಾನದ ಪಂದ್ಯವೊಂದನ್ನು ತುಸು ಎತ್ತರದಲ್ಲಿ ಕುಳಿತು ನೋಡುವುದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ.

ಪ್ಲೇಆಫ್: ಎರಡನೆಯ ಪರೀಕ್ಷೆ

ಐಎಸ್‌ಎಲ್‌ನಲ್ಲಿ ಆ ಎರಡು ಆವೃತ್ತಿಗಳ ಕಾಲಕ್ಕೆ ಅಂಕಪಟ್ಟಿಯ ಅಗ್ರಸ್ಥಾನದಿಂದಲೇ ಕಪ್ ದೊರೆಯುತ್ತಿರಲಿಲ್ಲ. ಮೇಲಿನ ತಂಡಗಳು ಪ್ಲೇಆಫ್ ಎಂಬ ಸೋತವರು ಹೊರಬೀಳುವ ಹಂತವನ್ನು ದಾಟಿ ಫೈನಲ್ ಗೆಲ್ಲಬೇಕಿತ್ತು. 2017–18ರಲ್ಲಿ ಬೆಂಗಳೂರು 40 ಅಂಕಗಳೊಂದಿಗೆ, ಎರಡನೆಯ ಸ್ಥಾನದ ಚೆನ್ನೈಯಿನ್ ತಂಡಕ್ಕಿಂತ 8 ಅಂಕ ಮುಂದಿದ್ದರೂ, 2018ರ ಮಾರ್ಚ್ 17ರಂದು ತನ್ನದೇ ಕಂಠೀರವದಲ್ಲಿ ನಡೆದ ಫೈನಲ್‌ನಲ್ಲಿ ಅದೇ ಚೆನ್ನೈಯಿನ್‌ಗೆ 2–3ರಿಂದ ಸೋತಿತು. ಅಗ್ರಸ್ಥಾನಿಗೆ ಪ್ರತ್ಯೇಕವಾಗಿ ಲೀಗ್ ಶೀಲ್ಡ್ ಕೊಡುವ ಪದ್ಧತಿ ಬಂದದ್ದು 2019–20ರಲ್ಲಾದ್ದರಿಂದ, ಆ 40 ಅಂಕಗಳಿಗೆ ಪ್ರಶಸ್ತಿಯ ಗೌರವ ಸಿಗದೇ ಹೋಯಿತು.

ಆ ಫೈನಲ್‌ನಲ್ಲಿ ಚೆನ್ನೈಯಿನ್‌ನ ಮೊದಲೆರಡು ಗೋಲುಗಳನ್ನು ಮೈಲ್ಸನ್ ಆಲ್ವೆಸ್ ಎಂಬ ಡಿಫೆಂಡರ್ ಕಾರ್ನರ್ ಕಿಕ್‌ಗಳಿಂದ ಬಂದ ಚೆಂಡನ್ನು ತಲೆಯಿಂದ ಹೊಡೆದು ಗಳಿಸಿದರು. ರಕ್ಷಕರ ಕಾಲಿಗೋ ಮೈಗೋ ತಾಗಿದ ಚೆಂಡು ಅವರದೇ ಗೋಲು ಗೆರೆಯಾಚೆ ಹೋದಾಗ, ದಾಳಿಯ ತಂಡ ಮೈದಾನದ ಮೂಲೆಯಿಂದ ಒದೆಯುವುದೇ ಕಾರ್ನರ್. ನಿಂತ ಚೆಂಡಿನಿಂದ ಶುರುವಾಗುವ ಇಂಥ ಸಂದರ್ಭಗಳನ್ನು ಸೆಟ್‌ಪೀಸ್ ಎನ್ನುತ್ತಾರೆ. ಸರಿಯಾಗಿ ಒಂದು ವರ್ಷ ಕಳೆದು, 2019ರ ಮಾರ್ಚ್ 17ರಂದು, ಕಾರ್ಲೆಸ್ ಕ್ವಾಡ್ರಾಟ್ ಅವರ ತರಬೇತಿಯ ಬೆಂಗಳೂರು ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಗೋವಾವನ್ನು ಎದುರಿಸಿತು. 90 ನಿಮಿಷಗಳಲ್ಲಿ ಗೋಲು ಬಾರದೆ ಆಟ 30 ನಿಮಿಷಗಳ ಹೆಚ್ಚುವರಿ ಅವಧಿಗೆ ಸಾಗಿ, ಗೋವಾ ಹತ್ತು ಮಂದಿಗೆ ಇಳಿದು, 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಒದೆದ ಕಾರ್ನರಿಗೆ ರಾಹುಲ್ ಭೇಕೆ ತಲೆಯೊಡ್ಡಿದರು. ಆ ಒಂದೇ ಗೋಲಿನಿಂದ ಬೆಂಗಳೂರು ಮೊದಲ ಬಾರಿಗೆ ಐಎಸ್‌ಎಲ್ ಚಾಂಪಿಯನ್ ಆಯಿತು. ಹಿಂದಿನ ವರ್ಷ ಕಪ್ಪನ್ನು ಕಸಿದ ಕಾರ್ನರೇ ಈ ವರ್ಷ ಕಪ್ಪನ್ನು ತಂದಿತೆಂಬ ಅರಿವು, ಆ ಒಂದು ಪಂದ್ಯವನ್ನಷ್ಟೇ ನೋಡಿದವರಿಗೆ ಸಿಗಲಾರದು.

ರೂಢಿಸಿಕೊಳ್ಳಬೇಕಾದ ಅಭ್ಯಾಸಗಳು

ಹೊಸ ರಸಿಕರು ಆವೃತ್ತಿಯ ಮೊದಲ ವಾರದಿಂದಲೇ ಒಂದು ತಂಡವನ್ನು ಆರಿಸಿಕೊಂಡು, ಪ್ರತಿ ಸುತ್ತಿನ ನಂತರ ಅಂಕಪಟ್ಟಿಯನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುವುದು ಒಳ್ಳೆಯದು; ಅದರ ಪಕ್ಕದಲ್ಲಿ, ತಂಡದ ಗೋಲುಗಳು ಓಡುವ ಆಟದಿಂದ ಬಂದವೋ ಸೆಟ್‌ಪೀಸಿನಿಂದ ಬಂದವೋ ಎಂಬುದನ್ನು ಗುರುತು ಮಾಡಿದರೆ, ಆ ತಂಡದ ಸ್ವಭಾವ ನಾಲ್ಕೈದು ವಾರಗಳಲ್ಲಿ ಬಿಚ್ಚಿಕೊಳ್ಳುತ್ತದೆ. ನೆಚ್ಚಿನ ತಂಡ ಸೋತ ಪಂದ್ಯಗಳನ್ನು ಬಿಡದೆ ನೋಡುವುದು ಇನ್ನೂ ಮುಖ್ಯ, ಏಕೆಂದರೆ ಕೋಚ್ ಮುಂದಿನ ಪಂದ್ಯದಲ್ಲಿ ಮಾಡುವ ಬದಲಾವಣೆಗಳ ಕಾರಣ ಆ ಸೋಲಿನಲ್ಲಿಯೇ ಇರುತ್ತದೆ.

ಲೀಗ್‌ನ ಆಕಾರವೂ ಬದಲಾಗುತ್ತಿರುತ್ತದೆ. 2024–25ರಲ್ಲಿ 13 ತಂಡಗಳು ತಲಾ 24 ಪಂದ್ಯ ಆಡಿದವು. ಮೂರನೆಯ ಸ್ಥಾನದ ಬೆಂಗಳೂರು ಫೈನಲ್ ತಲುಪಿ, ಶೀಲ್ಡ್ ಗೆದ್ದಿದ್ದ ಮೋಹನ್ ಬಾಗಾನ್‌ಗೆ ಕೋಲ್ಕತ್ತದಲ್ಲಿ ಹೆಚ್ಚುವರಿ ಅವಧಿಯಲ್ಲಿ 1–2ರಿಂದ ಮಣಿಯಿತು. ಅಂಕಪಟ್ಟಿ ನಿರಂತರತೆಯನ್ನು ಅಳೆದರೆ ಫೈನಲ್ ಒಂದು ಸಂಜೆಯ ಧೃತಿಯನ್ನು ಅಳೆಯುತ್ತದೆ. ಎರಡನ್ನೂ ಒಟ್ಟಿಗೆ ಗೆಲ್ಲುವುದು ಎಷ್ಟು ಕಠಿಣವೆಂಬುದನ್ನು ಬಲ್ಲ ರಸಿಕನು, ಎದುರಾಳಿ ತಂಡ ಅದನ್ನು ಸಾಧಿಸಿದಾಗಲೂ ಮನಸಾರೆ ಮೆಚ್ಚುತ್ತಾನೆ.